ಮೂರನೇ ಕಂಬದ ಮೊಳೆ

“ಆ ಮೊಳೆ ಮುಟ್ಬ್ಯಾಡಿ ಸಾಮಿ,” ಎಂದಳು ಕುರಿ ಕಾಯುವ ಸರಸಮ್ಮ. ಸೆರಗಿನ ತುದಿಗೆ ಒಂದು ಗಂಟು ಹಾಕಿಕೊಂಡಳು.

ರುದ್ರಪ್ರಸಾದನಿಗೆ ನಗು ಬಂತು. ಚನ್ನಪಟ್ಟಣದಾಚೆ, ರಾಗಿ ಹೊಲಗಳ ನಡುವೆ, ರೈಲು ಓಡಾಟ ನಿಂತು ಎಷ್ಟೋ ಕಾಲವಾಗಿದ್ದ ಹಳೆಯ ಮರದ ಸೇತುವೆಯನ್ನು ಅಳೆಯಲು ಅವನು ಬಂದಿದ್ದ. ವಯಸ್ಸು ರುಜುವಾತಾದರೆ ಅದು ಪಾರಂಪರಿಕ ಪಟ್ಟಿಗೆ ಸೇರುತ್ತದೆ, ಇಲ್ಲದಿದ್ದರೆ ಸೌದೆಯಾಗುತ್ತದೆ. ರುಜುವಾತಿಗೆ ಒಂದು ಹಳೆಯ ಮೊಳೆ ಬೇಕಿತ್ತು. ಮೂರನೇ ಕಂಬದಲ್ಲಿ ಕುಲುಮೆಯಲ್ಲಿ ಬಡಿದು ಮಾಡಿದ್ದೊಂದು ಸಿಕ್ಕಿತ್ತು.

ಸೇತುವೆಯ ಅರ್ಧ ಹಲಗೆಗಳು ಆಗಲೇ ಮಾಯವಾಗಿದ್ದವು. ಊರವರೇ ಸಾಗಿಸುತ್ತಿದ್ದಾರೆ, ಬಂದವರನ್ನು ಹೆದರಿಸಲು ಈ ಮುದುಕಿಯನ್ನು ಬಿಟ್ಟಿದ್ದಾರೆ ಎಂದು ಅವನ ಗುಮಾನಿ. ಅವಳ ಕಣ್ಣು ಬೇರೆ ಪದೇ ಪದೇ ಕಾರಿನತ್ತ ಹೋಗುತ್ತಿತ್ತು. ಶಾಲೆಗೆ ರಜೆಯೆಂದು ಜೊತೆಗೆ ಬಂದಿದ್ದ ಆರು ವರ್ಷದ ಮಗಳು ಕವನ ಅಲ್ಲಿ ಹಾಡಿಕೊಳ್ಳುತ್ತಾ ಕೂತಿದ್ದಳು.

“ಮುಟ್ಟಿದರೆ ಏನಾಗುತ್ತೆ ಅಜ್ಜಿ?”

“ನನ್ ಮಗ ತಿಮ್ಮೇಶಂಗೆ ಯಾರೋ ಮಾಟ ಮಾಡ್ಸಿದ್ರು. ಮಂತ್ರವಾದಿ ಅವನ ಕೂದ್ಲು ಸುತ್ತಿ ಆ ಮೊಳೆ ಬಡ್ದ. ಕಾಟ ನಿಂತೋಯ್ತು, ಅದ್ರ ಜೊತೆ ಮಾತೂ ನಿಂತೋಯ್ತು. ಇಪ್ಪತ್ತು ವರ್ಸ ಆಯ್ತು. ಬ್ಯಾಡಿ ಸಾಮಿ.” ಎರಡನೇ ಗಂಟು.

“ಕತೆ ಚೆನ್ನಾಗಿದೆ. ಹಲಗೆ ಕದ್ದವರಿಗೂ ಹೇಳಬೇಕಿತ್ತು.”

ಅವಳು ಸಿಟ್ಟಾಗಲಿಲ್ಲ. “ಬ್ಯಾಡ,” ಎಂದಳು ಮೆಲ್ಲಗೆ. ಮೂರನೇ ಗಂಟು ಹಾಕಿದಳು.

ಸೇತುವೆಯಡಿ ನಡುಮಧ್ಯಾಹ್ನವೂ ಕತ್ತಲು. ಹಳೆಯ ಡಾಂಬರು, ಬಾವಲಿ ಹಿಕ್ಕೆ, ಕೊಳೆತ ನೀರಿನ ನಾತ. ಇಕ್ಕಳ ಹಾಕಿ ಎಳೆದ. ಬರಲಿಲ್ಲ. ಕಂಬಕ್ಕೆ ಕಾಲು ಕೊಟ್ಟು ಎಳೆದ. ಮರ ನರಳಿತು. ಕುರಿಗಳ ಅರಚಾಟ ಒಮ್ಮೆಲೇ ನಿಂತಿತು. ಮೊಳೆ ಕಿತ್ತು ಬಂತು. ಬಿಸಿಯಾಗಿತ್ತು. ತೂತಿನಿಂದ ಕೂದಲಿನ ಸಿಂಬಿಯೊಂದು ಜಾರಿ ಬಿತ್ತು. ಈಗಷ್ಟೇ ಎಣ್ಣೆ ಹಚ್ಚಿದಂತೆ ಹೊಳೆಯುತ್ತಿತ್ತು.

ಕಾರಿನೊಳಗಿನ ಹಾಡೂ ನಿಂತಿತ್ತು.

ಅವನು ಓಡಿದ. ಕವನ ಗಾಜಿಗೆ ಹಣೆಯೊತ್ತಿ ಕೂತಿದ್ದಳು. ಕಣ್ಣು ತೆರೆದಿತ್ತು. ರೆಪ್ಪೆ ಬಡಿಯುತ್ತಿರಲಿಲ್ಲ. ಬಾಗಿಲು ತೆಗೆದ. ಸುಟ್ಟ ಕೂದಲಿನ ವಾಸನೆ. ಎಳೆಯ ಗಂಟಲಿನಿಂದ ಗಂಡಸಿನ ಗೊಗ್ಗರು ನಗು. ಅವಳ ಉಗುರು ಅವನ ಕೈಯೊಳಗೆ ಇಳಿಯಿತು.

ಹೊಲದಾಚೆಯಿಂದ ಒಂದು ಕೂಗು ಬಂತು. “ಅವ್ವಾ!”

ಬದುವಿನ ಮೇಲೆ ಎಡವುತ್ತಾ ಒಬ್ಬ ಗಂಡಸು ಓಡಿ ಬರುತ್ತಿದ್ದ. ಸರಸಮ್ಮ ಕುಸಿದು ಕೂತಳು. “ತಿಮ್ಮಾ, ಮಾತಾಡ್ದ್ಯಾ ಮಗಾ!” ಎಂದು ಗೋಳೋ ಎಂದು ಅತ್ತಳು. ಆಮೇಲೆ ರುದ್ರಪ್ರಸಾದನ ಮುಖ ನೋಡಲಾರದೆ ಹೇಳಿದಳು:

“ನಾವೇ ಕಿತ್ರೆ ಆ ಕಾಟ ನಮ್ ಮನೇಗೇ ವಾಪಸ್ ಬತ್ತದೆ. ಮೂರು ಸಲ ಬ್ಯಾಡ ಅಂದ್ರೂ ಕಿತ್ತೋರ ಮಕ್ಳಿಗೆ ಹೋಯ್ತದೆ. ಹೇಳ್ದೆ ಕೀಳ್ಸಂಗಿಲ್ಲ. ನಾನು ಹೇಳಿವ್ನಿ ಸಾಮಿ.”

ಅವನಿಗೆ ಆ ಗಂಟುಗಳು ಈಗ ಅರ್ಥವಾದವು.

“ಮಗೀನ ಕೂದ್ಲು ಸುತ್ತಿ ಬಡ್ದುಬುಡಿ. ಜೀವ ಉಳೀತದೆ.”

ಮಗಳ ಜಡೆಯ ತುದಿ ಕತ್ತರಿಸಿದ. ಮೊಳೆಗೆ ಸುತ್ತಿ, ಅವಳನ್ನು ಹೊತ್ತು ಕಂಬದ ಬಳಿಗೆ ಓಡಿದ. ಬಡಿದ. ನಗು ಸಣ್ಣದಾಯಿತು. ಬಡಿದ. ಇನ್ನೂ ಸಣ್ಣದು. ಬಡಿದ. ನಿಂತಿತು. ಕವನ ಅಪ್ಪನ ಗುರುತು ಹಿಡಿದು ಬಾಯಿ ತೆರೆದಳು. ದನಿ ಬರಲಿಲ್ಲ.

ಸೇತುವೆ ಪಟ್ಟಿಗೆ ಸೇರಿತು. ರುದ್ರಪ್ರಸಾದನೇ ಹಟ ಹಿಡಿದು ಸೇರಿಸಿದ. ಭಾನುವಾರ ಜನ ಮಕ್ಕಳನ್ನು ಕರೆದುಕೊಂಡು ನೋಡಲು ಬರುತ್ತಾರೆ. ಎಲ್ಲವನ್ನೂ ಅವನೇ ತೋರಿಸುತ್ತಾನೆ, ಮೂರನೇ ಕಂಬದ ಕತೆಯನ್ನೂ ಹೇಳುತ್ತಾನೆ.

ಹೋದ ವಾರ ಒಬ್ಬ ಯುವಕ ಕತೆ ಕೇಳಿ ನಕ್ಕು, ಮೊಳೆಗೆ ಕೈ ಹಾಕಿದ. ಅವನ ಕಂಕುಳಲ್ಲಿ ತೊದಲು ಮಾತಾಡುವ ಹೆಣ್ಣುಮಗುವಿತ್ತು. ರುದ್ರಪ್ರಸಾದನಿಗೆ ಅದರ ಮುಖ ನೋಡಲಾಗಲಿಲ್ಲ. ಆದರೂ ಕರವಸ್ತ್ರದ ತುದಿಗೆ ಗಂಟು ಹಾಕಿಕೊಂಡ.

“ಬೇಡ ಸರ್,” ಎಂದ, ಮೂರನೇ ಸಲ.