ದಾರಿಯ ನಡುವೆ ಹೂತವಳು

“ಆ ಮಣ್ಣು ಕೆದಕಬೇಡ ಕಣಪ್ಪ,” ಎಂದಳು ಪ್ಲ್ಯಾಟ್ ನದಿಯಲ್ಲಿ ದೋಣಿ ದಾಟಿಸುವ ಮುದುಕಿ ಕೆಟೂರಾ.

ಪಡುವಣದಿಂದ ಬಂದ ಆ ಅಪರಿಚಿತ ತನ್ನ ಹೆಸರು ಹೇಳಿರಲಿಲ್ಲ. ಆದರೆ ಅವನ ಬಂಡಿಯಲ್ಲಿ ಕುಳಿತಿದ್ದ ಪುಟ್ಟ ಟಿರ್ಜಾಳನ್ನು ಕಂಡೊಡನೆ ಮುದುಕಿಗೆ ಎಲ್ಲ ತಿಳಿದುಹೋಗಿತ್ತು. ಇವನೇ ಅಸಹೇಲ್, ಚಿನ್ನ ಹುಡುಕಲು ಮೊದಲೇ ಪಡುವಣಕ್ಕೆ ಹೋದವನು. ಅವನನ್ನು ಸೇರಲೆಂದು ಬಂಡಿಗಳ ಗುಂಪಿನೊಡನೆ ಹೊರಟ ಹೆಂಡತಿ ಡಾರ್ಕಸ್ ಕಾಲರಾ ತಗುಲಿ ಇಲ್ಲೇ ನಡುದಾರಿಯಲ್ಲಿ, ಮುದುಕಿಯ ಕಣ್ಣೆದುರೇ ತೀರಿಕೊಂಡಿದ್ದಳು. ಮಗು ಮಾತ್ರ ಅವನ ಕೈ ಸೇರಿತ್ತು. ಅವಳ ಮೂಳೆಗಳನ್ನು ಊರಿಗೆ ಒಯ್ದು, ಚರ್ಚಿನ ಅಂಗಳದಲ್ಲಿ ಅವಳ ತಾಯಿಯ ಪಕ್ಕ ಮಲಗಿಸಬೇಕು. ಬೇರೆ ಆಸೆಯೇ ಅವನಿಗೆ ಉಳಿದಿರಲಿಲ್ಲ.

“ತೋಳ ಕಿತ್ತು ತಿನ್ನಬಾರ್ದು, ಕಳ್ಳರು ಬಟ್ಟೆ ಬಿಚ್ಚಬಾರ್ದು ಅಂತ ದಾರಿ ನಡುವೇನೇ ಹೂತ್ವಿ. ಗುರುತು ಸಿಗದ ಹಾಗೆ ಬಂಡಿಗಳನ್ನೆಲ್ಲ ಮೇಲೆ ಹರಿಸಿದ್ವಿ. ಆಗ ನಾನೇ ಶಾಪ ಹಾಕ್ದೆ. ಈ ಮಣ್ಣು ಕೆದಕಿದವರ ಎದೆ ಮೇಲೆ ಇದೇ ಚಕ್ರ ಹರೀಲಿ ಅಂತ. ಆಮೇಲೆ ಕೆದಕೋಕೆ ಬಂದ ಇಬ್ಬರು ಸತ್ತರು. ಪಕ್ಕೆಲುಬು ಪುಡಿಪುಡಿ. ಸುತ್ತ ಬಂಡಿ ಸುಳಿವೇ ಇಲ್ಲ.”

“ಹಾಕಿದ ಬಾಯಲ್ಲೇ ಹಿಂದಕ್ಕೆ ತಗೋ ಅಜ್ಜಿ.”

“ಹಾಕೋಕೆ ಬಂತು, ತೆಗೆಯೋಕೆ ಬರಲ್ಲ. ಪ್ರಾರ್ಥನೆ ಮಾಡಿ ಮಾಡಿ ಮಂಡಿ ಸವೆದ್ವು.”

“ನನ್ನ ಹೆಂಡ್ತಿ ನನ್ನನ್ನ ಕೊಲ್ತಾಳಾ? ಸಾರು ಚೆಲ್ಲಿದ್ರೂ ಬೈತಿರಲಿಲ್ಲ ಅವಳು.” ಅಸಹೇಲ್ ನಕ್ಕ. ಆ ನಗೆಯನ್ನು ನೋಡಲಾರದೆ ಮುದುಕಿ ಮುಖ ತಿರುಗಿಸಿದಳು.

ಟಿರ್ಜಾಳಿಗೆ ಜಾಗ ನೆನಪಿತ್ತು. ಒಂಟಿ ಬಂಡೆಯ ಎದುರಿನ ಇಳಿಜಾರು. ಅಗೆಯತೊಡಗಿದಾಗ ಬಿಸಿಲಿತ್ತು. ಮೊಣಕಾಲುದ್ದ ಇಳಿಯುವಷ್ಟರಲ್ಲಿ ಧೂಳಿನ ಮೋಡ ಬಯಲನ್ನೆಲ್ಲ ಕವಿದು ಸೂರ್ಯನನ್ನು ನುಂಗಿತು. ಹಸಿ ಮಣ್ಣಿನೊಳಗಿಂದ ಬಂಡಿಯ ಕೀಲೆಣ್ಣೆಯ ವಾಸನೆ ಎದ್ದಿತು. ಆಮೇಲೆ ಸದ್ದು. ಉರುಳುವ ಚಕ್ರಗಳ ಕಿರುಗುಟ್ಟುವಿಕೆ. ಅವನ ಎತ್ತುಗಳು ನಿಂತಲ್ಲೇ ನಿಂತಿದ್ದವು.

ಗುದ್ದಲಿಗೆ ಹೆಂಡತಿಯ ನೀಲಿ ಶಾಲಿನ ಅಂಚು ಸಿಕ್ಕಿತು. ಎದೆಯ ಮೇಲೆ ಭಾರ ಬಿತ್ತು. ಉಸಿರು ಕಟ್ಟಿತು.

“ಹರೀಲಿ. ಈ ಸಲ ನಿನ್ನ ಬಿಟ್ಟು ಹೋಗಲ್ಲ, ಡಾರ್ಕಸ್.” ಅವನು ಶಾಲನ್ನು ಬಿಗಿಯಾಗಿ ಹಿಡಿದ. ಸಾವಿನ ಹೆದರಿಕೆ ಅವನಿಗಿರಲಿಲ್ಲ.

ಆಗ ಪಕ್ಕದಲ್ಲೇ ಒಂದು ಸಣ್ಣ ನರಳಾಟ. ಬಂಡಿ ಬಿಟ್ಟು ಇಳಿಯಬೇಡವೆಂದಿದ್ದರೂ ಟಿರ್ಜಾ ಬಂದಿದ್ದಳು. ತಾನೂ ತಾಯಿಗಾಗಿ ಕೆದಕಿದ್ದಳು. ಅಂಗೈ ತುಂಬ ಮಣ್ಣು. ತುಟಿ ನೀಲಿ. ಅಂಗಿಯ ಎದೆಯ ಮೇಲೆ ಚಕ್ರದ ಪಟ್ಟೆ ಮೆಲ್ಲಮೆಲ್ಲನೆ ಮೂಡುತ್ತಿತ್ತು.

ಅಸಹೇಲ್ ಶಾಲು ಬಿಟ್ಟ. ಮಣ್ಣನ್ನು ಕುಣಿಗೆ ಎಳೆದ. ಎರಡೂ ಕೈಯಲ್ಲಿ ಎಳೆದ. ಕುಣಿ ಮುಚ್ಚಿತು. ಸದ್ದು ನಿಲ್ಲಲಿಲ್ಲ. ಮಗಳ ಉಸಿರು ಬರಲಿಲ್ಲ. ಚಕ್ರ ಹರಿಯದೆ ಬಿಡುವುದಿಲ್ಲ. ಮಗಳ ಮೇಲೆ, ಇಲ್ಲವೇ ಹೂತ ದಿನದ ಹಾಗೆ, ಗುರುತು ಅಳಿಯುವವರೆಗೆ, ತಾಯಿಯ ಮೇಲೆ.

“ದೇವರೇ, ಇದೊಂದು ಬೇಡ,” ಎಂದ. ಎನ್ನುತ್ತಲೇ ಮಗಳನ್ನು ಬಂಡಿಯೊಳಗೆ ಮಲಗಿಸಿದ. ಬಾರುಕೋಲು ಬೀಸಿದ.

ಚಕ್ರ ಸಡಿಲ ಮಣ್ಣಿನಲ್ಲಿ ಕುಸಿದು ಎದ್ದಿತು. ಕೆಳಗೆ ಏನೋ ಮೆಲ್ಲನೆ ಮುರಿಯಿತು. ಟಿರ್ಜಾಳಿಗೆ ಅರ್ಧ ಉಸಿರು ಬಂತು.

“ಅಪ್ಪಾ, ಅಮ್ಮ ಅಲ್ಲೇ ಇದ್ದಾಳಲ್ಲ. ಅವಳ ಮೇಲೆ ಯಾಕೆ ಬಂಡಿ ಹೊಡೀತೀಯ?”

ಮಣ್ಣು ಇನ್ನೂ ಉಬ್ಬಿಕೊಂಡೇ ಇತ್ತು. ಮಗಳಿಗೆ ಇನ್ನರ್ಧ ಉಸಿರು ಬೇಕಿತ್ತು. ಅಸಹೇಲ್ ಎತ್ತುಗಳನ್ನು ಮತ್ತೆ ಹಿಂದಕ್ಕೆ ತಿರುಗಿಸಿದ.