ನಾಲ್ಕು ದಾರಿ ಕೂಡುವಲ್ಲಿ ಒಂದು ಕೆಂಪು ರಿಬ್ಬನ್

"ಟೈರಿಗೆ ಹಾಕೋ ಪಂಕ್ಚರ್ ಸೀಲೆಂಟ್ ಸಿಗುತ್ತಾ?"

ಆ ದನಿ ಕಿವಿಗೆ ಬಿದ್ದದ್ದೇ ತಡ, ಅವಳ ಕೈಯಲ್ಲಿದ್ದ ಸೀಲೆಂಟ್ ಬಾಟಲಿ ಜಾರಿತು. ಅದೂ ಮುಚ್ಚಳ ಬಿಚ್ಚಿದ್ದ ಬಾಟಲಿ! ಹಾಲಿನಂಥ ಬಿಳಿ ಅಂಟು ಸೈಕಲ್ ಅಂಗಡಿಯ ನೆಲದ ಮೇಲೆಲ್ಲ ಚೆಲ್ಲಿ, ಬಾಗಿಲಲ್ಲಿ ಸೈಕಲ್ ಹಿಡಿದು ನಿಂತವನ ಬೂಟನ್ನೂ ಬಿಡಲಿಲ್ಲ.

ಅವನು ಬೂಟು ನೋಡಿಕೊಂಡ. ಆಮೇಲೆ ಅವಳನ್ನು ನೋಡಿದ.

"ಸಿಗುತ್ತೆ ಅಂತ ಬಾಯಲ್ಲಿ ಹೇಳಿದ್ರೆ ಸಾಕಾಗಿತ್ತು, ಗುಬ್ಬಿ."

ಗುಬ್ಬಿ...!

ಆ ಹೆಸರಿಟ್ಟವನೇ ಅವನು. ಅವನು ಊರು ಬಿಟ್ಟ ಮೇಲೆ ಇನ್ಯಾರೂ ಅವಳನ್ನು ಹಾಗೆ ಕರೆದಿರಲಿಲ್ಲ. ಕರೆಯಲು ಅವಳೂ ಬಿಟ್ಟಿರಲಿಲ್ಲ.

'ಇಷ್ಟು ವರ್ಷದ ಮೇಲೆ ಬಂದು, ನಿನ್ನೆ ಸಂಜೆ ಬಿಟ್ಟುಹೋದವನ ಹಾಗೆ ಮಾತಾಡ್ತಾನಲ್ಲ...'

"ಒರೆಸ್ಕೊಳ್ಳಿ" ಎಂದು ಬಟ್ಟೆ ಚಾಚಿದಳು.

ಆ 'ಒರೆಸ್ಕೊಳ್ಳಿ' ಕೇಳಿ ಅವನ ಮುಖದ ನಗು ಅರ್ಧಕ್ಕೇ ನಿಂತಿತು. ಹಿಂದೆಲ್ಲ ಅವಳ ಬಾಯಲ್ಲಿ ಅವನಿಗೆ ಏಕವಚನವೇ.

ಒಳಗಿನಿಂದ ಅಂಗಡಿಯ ಯಜಮಾನರು, ಅವಳ ಚಿಕ್ಕಪ್ಪ, ಓಡಿಬಂದರು. ಕೈಗೆ ಮೆತ್ತಿದ್ದ ಗ್ರೀಸನ್ನೂ ಲೆಕ್ಕಿಸದೆ ಅವನನ್ನು ಅಪ್ಪಿಕೊಂಡರು.

"ಜಲ್ಲಿ! ಬದುಕಿದೀಯೇನೋ? ಬಂದರಿನ ಸೈಕಲ್ ಕಾರ್ಖಾನೆಯವರು ನಿನ್ನನ್ನೇ ಬಿಡಿಭಾಗ ಮಾಡಿ ಮಾರಿಬಿಟ್ರು ಅಂದ್ಕೊಂಡಿದ್ದೆ! ಮದುವೆ?"

"ಈ ಸೈಕಲ್ ಒಂದು ಬಿಟ್ಟು ಇನ್ಯಾರೂ ನನ್ನ ಒಪ್ಪಲಿಲ್ಲ ಸರ್."

ಗುಬ್ಬಿ ನೆಲ ಒರೆಸುತ್ತಿದ್ದಳು. ಒರೆಸಿದ ಜಾಗವನ್ನೇ ಮತ್ತೆ ಮತ್ತೆ ಒರೆಸಿದಳು.

ಡಾಂಬರು ರಸ್ತೆ ಕಣ್ಣೆದುರೇ ಇದ್ದರೂ ಹುಡುಕಿಕೊಂಡು ಹೋಗಿ ಕಾಡಿನ ಜಲ್ಲಿ ಹಾದಿಗೆ ಇಳಿಯುತ್ತಿದ್ದ ಹುಡುಗನಿಗೆ ಚಿಕ್ಕಪ್ಪನೇ ಇಟ್ಟ ಹೆಸರು ಜಲ್ಲಿ. ಆಗ ಅವನು ಈ ಅಂಗಡಿಯ ಮೆಕ್ಯಾನಿಕ್. ಅವಳು ಪದವಿ ಮುಗಿಸಿ, ನಾಲ್ಕು ಜನರ ಎದುರು ಬಾಯಿ ಬಿಡಲಾರದೆ, ಅಂಗಡಿಗೆ ದಾರಿಯ ನಕ್ಷೆ ಬರೆದುಕೊಡುತ್ತಿದ್ದವಳು. ಜಲ್ಲಿ ಹಾದಿಗೆಂದೇ ಮಾಡಿದ ದಪ್ಪ ಟೈರಿನ ಸೈಕಲ್ ಕೊಂಡ ಗಿರಾಕಿಗಳು 'ಎಲ್ಲಿ ಓಡಿಸೋದು?' ಎಂದು ಕೇಳುತ್ತಿದ್ದರು. ಹಾಗಾಗಿ ಭಾನುವಾರ ಬಂತೆಂದರೆ ಇಬ್ಬರೂ ಹೊಸ ದಾರಿ ಹುಡುಕಿಕೊಂಡು ಹೊರಡುತ್ತಿದ್ದರು.

ಆ ಭಾನುವಾರಗಳು...!

ಮುಂದೆ ಅವನು, ಹಿಂದೆ ಅವಳು. ದಾರಿ ಕವಲೊಡೆದಲ್ಲೆಲ್ಲ ಅವನು ಒಂದು ರಿಬ್ಬನ್ ಕಟ್ಟುತ್ತಿದ್ದ. ಕೆಂಪು ಅಂದರೆ ಬಲಕ್ಕೆ, ನೀಲಿ ಅಂದರೆ ಎಡಕ್ಕೆ, ಬಿಳಿ ಅಂದರೆ ನೇರ. ಅವಳು ನಿಧಾನವಾಗಿ ಬಂದು, ರಿಬ್ಬನ್ ಬಿಚ್ಚಿ ಜೇಬಿಗಿಟ್ಟು, ನಕ್ಷೆಯಲ್ಲಿ ಗೆರೆ ಎಳೆದು ಮುಂದೆ ಹೋಗುತ್ತಿದ್ದಳು. ಇಡೀ ದಿನ ಒಬ್ಬರ ಮುಖ ಒಬ್ಬರು ಕಂಡದ್ದು ಕಡಿಮೆ. ಆದರೂ ಅವಳಿಗೆ ಒಂದಿಷ್ಟೂ ಒಂಟಿ ಅನಿಸುತ್ತಿರಲಿಲ್ಲ. 'ಮುಂದೆ ಎಲ್ಲೋ ಅವನಿದ್ದಾನೆ' ಎಂದು ಪ್ರತಿ ತಿರುವೂ ಹೇಳುತ್ತಿತ್ತು.

"ನಮ್ಮ ಕ್ಲಬ್‌ನೋರು ಈ ಸಲ ಇಲ್ಲೇ ಸೈಕಲ್ ಸವಾರಿ ಇಟ್ಕೊಂಡಿದಾರೆ ಸರ್" ಅನ್ನುತ್ತಿದ್ದ ಅವನು ಈಗ ಚಿಕ್ಕಪ್ಪನಿಗೆ. "ಹಳೇ ಗುಡ್ಡದ ದಾರಿ. ನಾಳೆ ಒಂದು ಸುತ್ತು ನೋಡ್ಕೊಂಡು, ಗುರುತು ಕಟ್ಟಿ, ನಾಡಿದ್ದು ವಾಪಸ್."

"ಪುಟ್ಟಿ ಬರ್ತಾಳೆ ಬಿಡು" ಎಂದು ಚಿಕ್ಕಪ್ಪ ಗುಬ್ಬಿಯ ಕಡೆ ಕೈ ತೋರಿಸಿದರು. "ಆ ದಾರಿ ಅವಳಷ್ಟು ಯಾರಿಗೆ ಗೊತ್ತು?"

"ಚಿಕ್ಕಪ್ಪಾ, ನಾಳೆ ನನಗೆ..."

"ಏನಿದೆ ನಾಳೆ? ನಿಮ್ಮ ಚಿಕ್ಕಮ್ಮ ತಂದಿರೋ ಇನ್ನೊಂದು ಗಂಡಿನ ಮೂಗು ಸೊಟ್ಟ ಅನ್ನೋದು ತಾನೇ? ಅದನ್ನ ಸಂಜೆ ಬಂದು ಹೇಳಬಹುದು!"

ಅವಳ ಕಿವಿಯವರೆಗೂ ಕೆಂಪಾಯಿತು. ಅವನು ಬೂಟು ಒರೆಸಿಕೊಳ್ಳುವುದರಲ್ಲಿ ಮಗ್ನನಾಗಿದ್ದಂತೆ ನಟಿಸಿದ.

ಮರುದಿನ ಬೆಳಿಗ್ಗೆ ಇಬ್ಬರೂ ಹೊರಟರು.

ಊರು ದಾಟಿ ಕೆರೆ ದಂಡೆ ಹಿಡಿದರೆ ಅಲ್ಲಿಂದಾಚೆ ಕಾಡು. ಏರು ಇದೆ ಎಂದು ಗೊತ್ತಾಗುವುದರೊಳಗೆ ಇಳಿಜಾರು ಬಂದುಬಿಡುವ ಸಣ್ಣ ಸಣ್ಣ ಗುಡ್ಡಗಳು. ಟೈರಿನಡಿ ಜಲ್ಲಿ ಕರಕರ ಎನ್ನುತ್ತಿತ್ತು. ಕೊಂಬೆಗಳ ನಡುವಿನಿಂದ ಬಿದ್ದ ಬಿಸಿಲು ಅವನ ಬೆನ್ನ ಮೇಲೆ ಓಡಾಡುತ್ತಿತ್ತು. ಇಳಿಜಾರಿನಲ್ಲಿ ಎಡಗಾಲನ್ನು ಸ್ವಲ್ಪ ಹೊರಗೆ ಚಾಚುವ ಆ ಅಭ್ಯಾಸ... ಇನ್ನೂ ಹಾಗೇ ಇದೆ!

"ಕ್ಲಬ್‌ನೋರು ದಾರೀನ ಉಲ್ಟಾ ಓಡಿಸ್ಬೇಕಂತೆ" ಎಂದು ತಿರುಗಿ ಕೂಗಿದ. "ಅದಕ್ಕೇ ಕೆರೆ ಕಡೆಯಿಂದ ಬಂದ್ವಿ. ನಾವು ಯಾವತ್ತೂ ಮರದ ಮಿಲ್ಲಿನ ಕಡೆಯಿಂದಲೇ ಬರ್ತಿದ್ವಿ ಅಲ್ವಾ?"

"ಹೂಂ."

"ಈಗಲೂ ಬರೀ ಹೂಂ ಅಷ್ಟೇನಾ?"

"ಹೂಂ."

ಅವನು ನಕ್ಕ. ಅವಳು ನಗಲಿಲ್ಲ. ಏಕೆಂದರೆ ಮುಂದಿನ ತಿರುವಿನಲ್ಲೇ ಆ ಜಾಗವಿತ್ತು... ನಾಲ್ಕು ದಾರಿ ಕೂಡುವ, ನಡುವೆ ಒಂದು ಮರದ ಕಂಬ ನಿಂತಿರುವ ಆ ಜಾಗ.

ವರ್ಷಗಳ ಹಿಂದೆ, ಬಂದರಿನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕ ವಾರ ಅವನು ಹೇಳಿದ್ದ, "ಭಾನುವಾರ ನಾನು ಮುಂಚೆ ಹೋಗಿರ್ತೀನಿ. ಕಂಬಕ್ಕೆ ಗುಡ್ಡದ ಕಡೆ ತಿರುಗೋ ಗುರುತು ಕಟ್ಟಿದ್ರೆ ಮೇಲೆ ಬಾ, ನಿನ್ನ ಒಂದು ಮಾತು ಕೇಳ್ಬೇಕು. ಊರಿನ ಕಡೆ ಕಟ್ಟಿದ್ರೆ... ಕೇಳೋಕೆ ನನ್ನಿಂದ ಆಗಲಿಲ್ಲ ಅಂತ ತಿಳ್ಕೊಂಡು ಮನೆಗೆ ಹೋಗ್ಬಿಡು."

ಬಾಯಿಬಿಟ್ಟು ಹೇಳಲು ಅವನಿಗೆ ಧೈರ್ಯವಿಲ್ಲ, ಕೇಳಲು ಅವಳಿಗಿಲ್ಲ. ಒಳ್ಳೆ ಜೋಡಿ!

ಅಂದು ಕಂಬದಲ್ಲಿ ಗಾಳಿಗೆ ಪಟಪಟಿಸುತ್ತಿದ್ದುದು ಕೆಂಪು ರಿಬ್ಬನ್. ಅವಳು ಹ್ಯಾಂಡಲ್ ಬಲಕ್ಕೆ ತಿರುಗಿಸಿದಳು. ಎದುರಿಗೆ ಕಂಡದ್ದು ಊರಿನ ದಾರಿ.

ಅಷ್ಟೇ. ಮನೆ ಸೇರುವವರೆಗೂ ಅತ್ತಳು. ಮರುದಿನ ಅವನು ಹೊರಟುಹೋದ. 'ಬೇಡ ಅಂದವರ ಬೆನ್ನು ಹತ್ತಬಾರದು' ಎಂದು ಅವಳು ಒಂದು ಫೋನನ್ನೂ ಮಾಡಲಿಲ್ಲ.

ಈಗ ಅದೇ ಕಂಬದ ಬಳಿ ಅವನು ಸೈಕಲ್ ನಿಲ್ಲಿಸಿ ಚೀಲದಿಂದ ರಿಬ್ಬನ್ ತೆಗೆದ. ಕೈಗೆ ಬಂದದ್ದು ಕೆಂಪು. ಕಂಬಕ್ಕೆ ಸುತ್ತಲು ಹೋದವನು ತಟ್ಟನೆ ನಿಂತು, ನಾಲಿಗೆ ಕಚ್ಚಿಕೊಂಡು ಅದನ್ನು ಒಳಗಿಟ್ಟ.

"ಅಯ್ಯೋ, ಅಭ್ಯಾಸಬಲ ನೋಡು! ಮಿಲ್ಲಿನ ಕಡೆಯಿಂದ ಬಂದ್ರೆ ತಾನೇ ಗುಡ್ಡ ಬಲಕ್ಕೆ? ಕೆರೆ ಕಡೆಯಿಂದ ಬರೋರಿಗೆ ನೀಲಿ ಕಟ್ಬೇಕು. ಕೆಂಪು ಕಟ್ಟಿದ್ರೆ ಎಲ್ಲರೂ ಊರಿಗೆ ಹೋಗ್ಬಿಡ್ತಾರೆ!"

ಗುಬ್ಬಿಯ ಕೈ ಬ್ರೇಕಿನ ಮೇಲೆ ಬಿಗಿಯಿತು.

'ಕೆರೆ ಕಡೆಯಿಂದ ಬಂದವರು... ಊರಿಗೆ...'

"ಏನಂದ್ರಿ?"

"ಉಲ್ಟಾ ಬಂದ್ರೆ ಬಣ್ಣನೂ ಉಲ್ಟಾ ಅಂದೆ. ಯಾಕೆ? ಮುಖ ಯಾಕೆ ಹೀಗಾಯ್ತು? ನೀರು ಬೇಕಾ?"

"ಆವತ್ತು..." ಅವಳು ಸೈಕಲ್ ಇಳಿದಳು. "ಆವತ್ತು ಕೆಂಪು ಯಾಕೆ ಕಟ್ಟಿದ್ರಿ?"

ಅವನ ಮುಖದ ಬಣ್ಣವೇ ಇಳಿಯಿತು.

"ಯಾಕೆ ಅಂದ್ರೆ? ಗುಡ್ಡಕ್ಕೆ ಬಾ ಅಂತ. ಕತ್ತಲಾಗೋವರೆಗೂ ಮೇಲೇ ಕೂತಿದ್ದೆ ಗುಬ್ಬಿ. ಇಳಿದು ಬಂದು ನೋಡ್ತೀನಿ... ಹಸಿ ಮಣ್ಣಲ್ಲಿ ನಿನ್ನ ಟೈರಿನ ಗುರುತು ಊರಿನ ಕಡೆ ಹೋಗಿತ್ತು. ರಿಬ್ಬನ್ ನೋಡಿದಾಳೆ, ನೋಡಿಯೂ ತಿರುಗಿ ಹೋಗಿದಾಳೆ ಅಂದ್ಕೊಂಡೆ. ಅದಕ್ಕಿಂತ ಸ್ಪಷ್ಟವಾಗಿ ಯಾರು ಬೇಡ ಅಂತಾರೆ? ಮತ್ತೆ ಪೀಡಿಸ್ಬಾರದು ಅಂತ..."

"ಮಿಲ್ಲಿನ ದಾರೀಲಿ ಆವತ್ತು ಮರದ ದಿಮ್ಮಿ ಲಾರಿ ಅಡ್ಡ ನಿಂತಿತ್ತು!" ಅವಳು ಹೆಚ್ಚುಕಮ್ಮಿ ಕಿರುಚಿದಳು. ಅವಳ ದನಿ ಅಷ್ಟು ಜೋರಾಗಬಲ್ಲದೆಂದು ಅವಳಿಗೇ ಗೊತ್ತಿರಲಿಲ್ಲ. "ನಾನು ಕೆರೆ ಕಡೆಯಿಂದ ಬಂದೆ! ಕೆಂಪು ಕಂಡ ತಕ್ಷಣ ಬಲಕ್ಕೆ ತಿರುಗಿದೆ... ಯಾವಾಗಲೂ ತಿರುಗೋ ಹಾಗೆ!"

"ಕೆರೆ ಕಡೆಯಿಂದ...?"

"ಹೂಂ!"

"ನಕ್ಷೆ ಬರೆಯೋಳು ನೀನು! ಯಾವ ಕಡೆಯಿಂದ ಬಂದಿದೀನಿ ಅಂತ ಯೋಚನೆ ಮಾಡ್ಲಿಲ್ವಾ?"

"ಬೇಡ ಅಂತೀಯ ಅಂತ ಹೆದರ್ಕೊಂಡೇ ಬಂದಿದ್ದೆ. ಊರಿನ ದಾರಿ ಕಾಣಿಸ್ತು, ನಂಬಿಬಿಟ್ಟೆ. ಅಷ್ಟು ಬುದ್ಧಿವಂತ ನೀನು, ನಾನು ಎಲ್ಲಿಂದ ಬಂದೆ ಅಂತ ಟೈರಿನ ಗುರುತು ಹಿಂದಕ್ಕೆ ನೋಡ್ಲಿಲ್ವಾ?"

"ನೀನು ಹೋದ ದಿಕ್ಕು ಬಿಟ್ಟು ಇನ್ನೇನೂ ಕಣ್ಣಿಗೆ ಕಾಣ್ಲಿಲ್ಲ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಮೊದಲು ಅವನಿಗೆ ನಗು ಬಂತು. ಆಮೇಲೆ ಅವಳಿಗೆ. ನಗುತ್ತ ನಗುತ್ತಲೇ ಅವಳ ಕಣ್ಣು ತುಂಬಿ ಹರಿಯಿತು. ಒಂದು ಲಾರಿ... ಒಂದೇ ಒಂದು ಲಾರಿ ಅಡ್ಡ ನಿಂತದ್ದಕ್ಕೆ ಎಷ್ಟು ಭಾನುವಾರಗಳು ಹಾಳಾದವು!

ಅವನು ಸೈಕಲನ್ನು ಮೆಲ್ಲಗೆ ಹುಲ್ಲಿನ ಮೇಲೆ ಮಲಗಿಸಿ ಹತ್ತಿರ ಬಂದ. ಕಣ್ಣೊರೆಸಲು ಕೈ ಎತ್ತಿದವನು, ಗ್ಲೌಸು ಧೂಳಾಗಿದೆಯೆಂದು ನೆನಪಾಗಿ ತಡವರಿಸುತ್ತ ಬಿಚ್ಚತೊಡಗಿದ. ಅದೂ ಬೇಗ ಬಿಚ್ಚಿಕೊಳ್ಳಲಿಲ್ಲ.

"ಇರಲಿ ಬಿಡು, ಧೂಳಾದ್ರೆ ಆಗ್ಲಿ" ಎಂದಳು ಅವಳು.

ಅವನು ಹಾಗೆಯೇ ಒರೆಸಿದ. ಕೆನ್ನೆಯ ಮೇಲೆ ಒಂದು ಮಣ್ಣಿನ ಪಟ್ಟೆ ಮೂಡಿತು.

"ಆವತ್ತು ಏನು ಕೇಳ್ಬೇಕು ಅಂತಿದ್ದೆ?" ಎಂದಳು. "ಈಗ ಕೇಳು. ಗುರುತು ಗಿರುತು ಏನೂ ಬೇಡ. ಬಾಯಲ್ಲಿ ಕೇಳು."

ಅವನು ಅವಳ ಕೈ ಹಿಡಿದುಕೊಂಡ. ಅಂದು ಗುಡ್ಡದ ಮೇಲೆ ಕೂತು ಪಾಠ ಒಪ್ಪಿಸಿಕೊಂಡ ಹಾಗೆ ಸಿದ್ಧ ಮಾಡಿಟ್ಟುಕೊಂಡಿದ್ದ ಮಾತುಗಳೆಲ್ಲ ಮರೆತುಹೋಗಿದ್ದವು.

"ನನ್ನ ಜೊತೆ ಇರ್ತೀಯಾ, ಗುಬ್ಬಿ? ಬಂದರಿಗೇ ಬಾ ಅಂತಲ್ಲ... ಎಲ್ಲಿ ಅಂತ ನೀನೇ ಹೇಳು. ಆದ್ರೆ ಜೊತೆ?"

ಹೂಂ ಎಂದರೆ ಸಾಕಿತ್ತು. ಆದರೆ ಹೂಂ ಎಂಬುದರಲ್ಲೇ ಬದುಕೆಲ್ಲ ಕಳೆದವಳಿಗೆ ಇಂದು ಅದು ಸಾಲದೆನಿಸಿತು.

"ಇರ್ತೀನಿ. ಆವತ್ತೂ ಅದನ್ನೇ ಹೇಳೋಳಿದ್ದೆ. ನನಗೆ ನೀನಂದ್ರೆ ಇಷ್ಟ... ತುಂಬಾ ಇಷ್ಟ. ಅಯ್ಯೋ, ಆ ಕಡೆ ನೋಡು! ಹೀಗೆ ನೋಡ್ತಿದ್ರೆ ನಾನು ಹೇಗೆ ಮಾತಾಡ್ಲಿ?"

ಅವನು ವಿಧೇಯನಾಗಿ ಮುಖ ಆ ಕಡೆ ತಿರುಗಿಸಿದ. ಕೈ ಮಾತ್ರ ಬಿಡಲಿಲ್ಲ.

"ನಾಳೆ ಹೋಗಲೇಬೇಕಾ?"

"ಹೋಗ್ಬೇಕು. ಕೆಲಸ ಬಿಡೋದಾದ್ರೂ ಹೇಳಿ ಬಿಡ್ಬೇಕಲ್ಲ... ಭಾನುವಾರ ಬರ್ತೀನಿ."

"ಯಾವ ಭಾನುವಾರ?"

"ನೀನು ಸಾಕು ಅನ್ನೋವರೆಗೂ, ಎಲ್ಲಾ ಭಾನುವಾರ."

"ನಾನು ಮಾತಾಡೋದೇ ಕಡಿಮೆ" ಎಂದಳು ಗುಬ್ಬಿ, ಅವನ ಧೂಳು ಹಿಡಿದ ಗ್ಲೌಸಿಗೆ ಕೆನ್ನೆಯೊತ್ತಿ. "ಸಾಕು ಅನ್ನೋ ಮಾತಂತೂ ಬರೋದೇ ಇಲ್ಲ."