ಹೊಸ್ತಿಲೊಳಗೆ ನಕ್ಕವರು

“ಇನ್ನೂ ಕಾಲ ಮಿಂಚಿಲ್ಲ ಡಾಕ್ಟ್ರೇ. ಕೀಲಿಕೈ ತಗೋಬೇಡಿ. ನಿಮ್ಮ ದುಡ್ಡು ಪೂರ್ತಿ ವಾಪಸ್ ಕೊಡ್ತೀನಿ. ಹೆಂಡ್ತಿ ಮಗು ಕರ್ಕೊಂಡು ಬಂದ ದಾರೀಲೇ ಹೊರಟುಬಿಡಿ.”

ಹೀಗೆಂದವನು ಆ ಮನೆಯನ್ನು ಮಾರಿದವನೇ, ಬಂದರಿನ ಐಸ್ ಕಾರ್ಖಾನೆಯ ಯಜಮಾನ. ಕಿಟಕಿಗಳೆಲ್ಲ ಮುಚ್ಚಿದ್ದ ಪಡಸಾಲೆಯ ಕತ್ತಲಲ್ಲಿ ನಿಂತು ಮುದುಕ ಬಿಕ್ಕುತ್ತಿದ್ದ. ಕಣ್ಣಲ್ಲಿ ಮಾತ್ರ ಹನಿ ನೀರಿರಲಿಲ್ಲ. ತುಟಿಗಳು ಒಡೆದು ಕರಕಲಾಗಿದ್ದವು. ಮೊಣಕೈಯ ಒಳಮಗ್ಗುಲಲ್ಲಿ ಸೂಜಿ ಚುಚ್ಚಿದ ಕಲೆಗಳು ಒತ್ತೊತ್ತಾಗಿದ್ದವು. ಅಳುವ ಗಂಡಸನ್ನು ನಂಬಬಾರದು ಎಂಬ ಮಾತು ಹಲ್ಲಿನ ಡಾಕ್ಟರಿಗೂ ಗೊತ್ತಿತ್ತು. ಆದರೆ ತನ್ನ ಮನೆಯನ್ನು ಕೊಳ್ಳಬೇಡಿ ಎಂದು ಅಳುವವನ ಮೇಲೆ ಯಾರಿಗೆ ತಾನೇ ಅನುಮಾನ ಬರುತ್ತದೆ?

ಪೇಟೆಯಲ್ಲಿ ಬೀದಿಗೊಬ್ಬರು ಹಲ್ಲಿನ ಡಾಕ್ಟರಿದ್ದರು. ಈ ಕಡಲೂರಿನಲ್ಲಿ ಒಬ್ಬರೂ ಇರಲಿಲ್ಲ. ಹಾಳೂರಿಗೆ ಉಳಿದವನೇ ಗೌಡ ಎಂದು ಹೆಂಡತಿಯನ್ನು ಒಪ್ಪಿಸಿ, ಮುಂದಿನ ಕೋಣೆಯಲ್ಲಿ ಕ್ಲಿನಿಕ್, ಹಿಂದೆ ಸಂಸಾರ ಎಂದು ಲೆಕ್ಕ ಹಾಕಿಕೊಂಡೇ ಅವರು ಬಂದಿದ್ದರು. ನಗುವುದು, ನಗಿಸುವುದು ಅವರ ಹುಟ್ಟುಗುಣ. ಹಲ್ಲು ಕೀಳುವ ಮೊದಲು ಒಂದು ನಗೆಚಟಾಕಿ ಹಾರಿಸದಿದ್ದರೆ ಅವರ ಕೈಯೇ ಓಡುತ್ತಿರಲಿಲ್ಲ.

“ದೆವ್ವ ಗಿವ್ವ ಇದೆಯಾ ಯಜಮಾನ್ರೇ? ಅದಕ್ಕೂ ಹುಳುಕು ಹಲ್ಲಿದ್ರೆ ಹೇಳಿ, ಫೀಸ್ ಇಲ್ದೆ ನೋಡ್ತೀನಿ.”

ಮುದುಕ ಪಿಸುಗುಟ್ಟಿದ. “ಹಿಂದೆ ಇಲ್ಲಿದ್ದವನ ಬಾಗಿಲಿಗೆ ಒಬ್ಬಳು ಬಂದಿದ್ದಳಂತೆ. ದಾರಿ ತಪ್ಪಿದ ದೋಣಿ, ಸುಡೋ ಬಿಸಿಲು, ಕಂಕುಳಲ್ಲಿ ಮಗು. ಒಂದು ಲೋಟ ನೀರು ಕೊಡಿ ಅಂದ್ಳು. ಅವನು ಇದೇ ಹೊಸ್ತಿಲೊಳಗೆ ನಿಂತು, ಎದುರಿಗೇ ಸಮುದ್ರ ಇದೆಯಲ್ಲಮ್ಮ, ಬೇಕಾದಷ್ಟು ಕುಡಿ ಅಂತ ನಕ್ಕ. ಮಗು ಅವಳ ಕೈಯಲ್ಲೇ ಹೋಯ್ತು. ಅವಳು ಮಾಟ ಮಾಡಿ ಇದೇ ಹೊಸ್ತಿಲಡಿ ಹೂತಿಟ್ಟಳು. ಆಮೇಲೆ ಅವನ ಬಾಯಿಗೆ ಹೋದ ಹನಿ ಹನಿ ನೀರೂ ಕಡಲ ನೀರಾಯ್ತು. ಕೈ ಮುಗೀತೀನಿ ಡಾಕ್ಟ್ರೇ, ಹೊರಟುಹೋಗಿ.”

ಡಾಕ್ಟರು ತಡೆದುಕೊಳ್ಳಲು ನೋಡಿದರು, ಆಗಲಿಲ್ಲ. “ಉಪ್ಪುನೀರಾ? ಒಳ್ಳೇದೇ ಆಯ್ತಲ್ರೀ! ಬಾಯಿ ಮುಕ್ಕಳಿಸಿ ಅಂತ ಬಡ್ಕೊಂಡ್ರೂ ಯಾವ ಪೇಷಂಟೂ ಕೇಳಲ್ಲ. ಇಲ್ಲಿ ಮಾಟಗಾತಿನೇ ನನ್ನ ಕಾಂಪೌಂಡರು!” ಎಂದವರೇ ಹೊಟ್ಟೆ ಹಿಡಿದುಕೊಂಡು ನಕ್ಕರು. ಹೊರಗೆ ಲಾರಿಯಿಂದ ಪಾತ್ರೆ ಇಳಿಸಿಕೊಳ್ಳುತ್ತಿದ್ದ ಹೆಂಡತಿಗೂ, ಮರಳಿನಲ್ಲಿ ಆಡುತ್ತಿದ್ದ ಮಗಳಿಗೂ ಆ ನಗು ಕೇಳಿಸಿತು.

ಮುದುಕ ಬಾಗಿದ್ದ ತಲೆಯನ್ನು ಎತ್ತಿದ. ಡಾಕ್ಟರ ಕೈಯಲ್ಲಿದ್ದ ನೀರಿನ ಬಾಟಲಿಯನ್ನು ಕಸಿದುಕೊಂಡು ಗಟಗಟನೆ ಕುಡಿದ. ಗಲ್ಲ, ಎದೆ, ಅಂಗಿ ಎಲ್ಲ ತೋಯ್ದವು. ಖಾಲಿ ಬಾಟಲಿಯನ್ನೂ ಕೀಲಿಕೈಯನ್ನೂ ಅವರ ಕೈಗಿಟ್ಟು, ತಿರುಗಿ ನೋಡದೆ ನಡೆದುಬಿಟ್ಟ.

ಸಂಜೆ ಹೆಂಡತಿ ಕೊಟ್ಟ ಕಾಫಿಯನ್ನು ಡಾಕ್ಟರು ಉಗುಳಿದರು. “ಸಕ್ಕರೆ ಡಬ್ಬಿ ಅಂತ ಉಪ್ಪಿನ ಡಬ್ಬಿಗೆ ಕೈ ಹಾಕಿದೆಯೇನೇ?” ಅವಳು ಅದೇ ಲೋಟದಿಂದ ಒಂದು ಗುಟುಕು ಕುಡಿದು, “ಸರಿಯಾಗೇ ಇದೆಯಲ್ರೀ” ಎಂದಳು. ನೀರು ಕುಡಿದರು, ಉಪ್ಪು. ಹಾಲು, ಹಣ್ಣಿನ ರಸ, ಪೇಟೆಯಿಂದ ತಂದಿದ್ದ ಸೀಲು ಒಡೆಯದ ಬಾಟಲಿ, ಎಲ್ಲವೂ ನಾಲಿಗೆಗೆ ತಾಗಿದ ಕೂಡಲೇ ಕಡಲು. ಕೊಳೆತ ಪಾಚಿಯ ವಾಸನೆ, ಹಲ್ಲಿನ ಸಂದಿಯಲ್ಲಿ ಮರಳು. ಅತ್ತೆಯ ಮನೆಗೆ ಹೋಗಿ ನೋಡಿದರು, ಅಲ್ಲಿಯೂ ಅದೇ. ಆಸ್ಪತ್ರೆಯಲ್ಲಿ ಪರೀಕ್ಷೆಗಳೆಲ್ಲ ಸರಿಯಾಗಿ ಬಂದವು. ಕೈಗೆ ಡ್ರಿಪ್ ಹಾಕಿದರು. ಅದು ಜೀವವನ್ನು ಉಳಿಸಿತು, ದಾಹವನ್ನೂ ಉಳಿಸಿತು. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎನ್ನುತ್ತಾರೆ. ಕುಡಿದ ನೀರೇ ಉಪ್ಪಾದವನು ಏನು ಮಾಡಬೇಕು ಎಂದು ಯಾರೂ ಹೇಳಿಲ್ಲ.

ಡಾಕ್ಟರು ಹಾರೆ ಹಿಡಿದು ಹೊಸ್ತಿಲನ್ನು ಕಿತ್ತರು. ಹಸಿ ಮಣ್ಣಿನ ಕೆಳಗೆ ಮೇಣ ಮೆತ್ತಿದ ಒಂದು ಪುಟ್ಟ ಮಡಕೆ ಸಿಕ್ಕಿತು. ಒಳಗೆ ಕೂದಲ ಗಂಟು, ಅದರ ನಡುವೆ ಒಂದು ಹಾಲುಹಲ್ಲು. ಕೆಳದವಡೆಯ ಮುಂದಿನ ಹಲ್ಲು, ಬೇರು ಪೂರ್ತಿ ಇತ್ತು. ತಾನಾಗಿ ಬಿದ್ದ ಹಾಲುಹಲ್ಲಿಗೆ ಬೇರು ಇರುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಇದು ಆ ಸತ್ತ ಮಗುವಿನ ಬಾಯಿಂದ ಕಿತ್ತದ್ದು. ಅದನ್ನೆಲ್ಲ ಅಲೆಗಳಿಗೆ ಎಸೆದು ಬಂದು ನೀರು ಕುಡಿದರು. ಮೊದಲಿಗಿಂತಲೂ ಉಪ್ಪಾಗಿತ್ತು.

ಕೊನೆಗೆ ಐಸ್ ಕಾರ್ಖಾನೆಗೆ ಹೋದರು. ಅಮೋನಿಯಾದ ಘಾಟು, ಐಸ್ ಪುಡಿ ಮಾಡುವ ಯಂತ್ರದ ಕರಕರ ಸದ್ದು. ಮಸುಕು ಬೆಳಕಿನಲ್ಲಿ ಹೊಗೆಯಾಡುವ ಐಸ್ ಗಡ್ಡೆಗಳ ನಡುವೆ ಯಜಮಾನ ತಣ್ಣೀರಿನ ಚೊಂಬು ಹಿಡಿದು ಕೂತಿದ್ದ. ತುಟಿಗಳು ಮಾಗಿದ್ದವು, ಕೆನ್ನೆ ತುಂಬಿಕೊಂಡಿತ್ತು. ಡಾಕ್ಟರು ನಾಯಿಯ ಹಾಗೆ ಮೊಣಕಾಲೂರಿ ಐಸ್ ಗಡ್ಡೆಯನ್ನು ನೆಕ್ಕಿದರು. ಉಪ್ಪು.

“ಮೋಸ ಮಾಡಿದ್ರಿ!”

“ನಾನಾ? ಬೇಡ ಅಂತ ಕೈ ಮುಗಿದೆನಲ್ಲ ಡಾಕ್ಟ್ರೇ.” ಮುದುಕನ ದನಿಯಲ್ಲಿ ಗೆಲುವಿರಲಿಲ್ಲ, ನಾಚಿಕೆಯಿತ್ತು. “ಹೊಸ್ತಿಲೊಳಗೆ ನಿಂತು ಆ ಕತೆ ಕೇಳಿ ಯಾರು ಮನಸಾರೆ ನಗ್ತಾರೋ, ಅವರ ಬಾಯಿಗೆ ಹೋಗುತ್ತೆ ಅದು. ಬಿಡಿಸಿಕೊಳ್ಳೋಕೆ ಬೇರೆ ದಾರಿ ಇಲ್ಲ. ನಾನೂ ಒಂದಿನ ನಕ್ಕವನೇ.”

“ನನ್ನನ್ನೇ ಯಾಕೆ ಹುಡುಕಿದ್ರಿ?”

“ತುಂಬ ಜನಕ್ಕೆ ಹೇಳಿದೆ, ಹೆದರಿ ಓಡಿದ್ರು. ನೀವು ಏನು ಹೇಳಿದ್ರೂ ನಗ್ತೀರಿ ಅಂತ ವಿಚಾರಿಸಿ ತಿಳ್ಕೊಂಡಿದ್ದೆ.”

ಗಂಡನ ಸ್ಥಿತಿ ನೋಡಲಾರದೆ ಹೆಂಡತಿಯೇ ಮೊದಲು ಮುಂದೆ ಬಂದಳು. “ನನಗೆ ಹೇಳ್ರಿ, ನಾನು ನಗ್ತೀನಿ. ಸ್ವಲ್ಪ ದಿನ ನಾನು ಹೊರ್ತೀನಿ.” ಅವರು ಬೇಡವೆಂದರೂ ಬಿಡದೆ ಕತೆ ಹೇಳಿಸಿಕೊಂಡು ಹಹಹ ಎಂದಳು. ನೀರು ಉಪ್ಪಾಗಿಯೇ ಇತ್ತು. ಬಲವಂತದ ನಗು ಆ ಮಾಟಕ್ಕೆ ಲೆಕ್ಕವಿರಲಿಲ್ಲ.

ಮನೆ ಮಾರಾಟಕ್ಕಿದೆ ಎಂದು ಬೋರ್ಡು ಹಾಕಿದರು. “ಬರೋರಿಗೂ ಮಕ್ಕಳು ಮರಿ ಇರಲ್ವೇನ್ರೀ?” ಎಂದು ಹೆಂಡತಿ ಒಮ್ಮೆ ಕೇಳಿದ್ದಳು. ಬಾಯಾರಿದವನಿಗೆ ಅಂಥ ಪ್ರಶ್ನೆಗಳು ಕೇಳಿಸುವುದಿಲ್ಲ. ಆದರೆ ಬಂದವರು ಯಾರೂ ನಗಲಿಲ್ಲ. ಒಡೆದ ತುಟಿ, ಗುಳಿಬಿದ್ದ ಕಣ್ಣು ನೋಡಿ, ಕತೆ ಮುಗಿಯುವ ಮೊದಲೇ ಮೆಟ್ಟಿಲಿಳಿದು ಹೋದರು. ಜನ ಬಂದಾಗಲೆಲ್ಲ ಮಗಳನ್ನು ಪಕ್ಕದ ಮನೆಗೆ ಕಳಿಸುತ್ತಿದ್ದರು. ಮುಂದಿನ ಹಲ್ಲು ಬಿದ್ದಾಗಿನಿಂದ ಅಪ್ಪ ಅವಳನ್ನು ಬೊಚ್ಚಿ ಎಂದೇ ಕರೆಯುತ್ತಿದ್ದರು. ಈಗ ಹಾಗೆ ಕರೆಯುವುದನ್ನೂ ಮರೆತಿದ್ದರು. ಅವಳೂ ನಗುವುದನ್ನು ಬಿಟ್ಟಿದ್ದಳು.

ಕಡೆಗೆ ಬಂದವನು ರೆಸಾರ್ಟ್ ಕಟ್ಟುವ ಸಾಹುಕಾರ. ದೊಡ್ಡ ಹೊಟ್ಟೆ, ಕಾರಿನಿಂದ ಇಳಿಯುವಾಗಲೇ ನಗು. ಡಾಕ್ಟರಿಗೆ ಅವನನ್ನು ಕಂಡು ಹೋದ ಜೀವ ಬಂದಂತಾಯಿತು. ಬೊಚ್ಚಿಯನ್ನು ಪಕ್ಕದ ಮನೆಗೆ ಬಿಟ್ಟು ಬರಲು ಹೆಂಡತಿಗೆ ಸನ್ನೆ ಮಾಡಿದರು. ತುಟಿಗೆ ತುಪ್ಪ ಸವರಿಕೊಂಡರು. ಲೋಟದಲ್ಲಿ ನೀರು ತುಂಬಿ ಮೇಜಿನ ಮೇಲಿಟ್ಟರು.

ಇನ್ನು ಹೆದರಿಸುವುದು ಬೇಡ, ನಗಿಸಬೇಕು. ಎಂದೋ ಬಿಟ್ಟಿದ್ದ ತಮಾಷೆಯ ದನಿಯನ್ನು ಎಲ್ಲಿಂದಲೋ ಎಳೆದು ತಂದರು. ಐಸ್ ಮುದುಕನ ಹಾಗೆ ಗೂನುಬೆನ್ನು ಮಾಡಿದರು. ಮಾಟಗಾತಿಯ ಹಾಗೆ ಕಣ್ಣು ತಿರುಗಿಸಿದರು. “ನೀರು ಕುಡಿಯೋಕೆ ಹೋದ್ರೆ ಏನಾಗುತ್ತೆ ಗೊತ್ತಾ ಸಾಹುಕಾರ್ರೇ? ಹೀಗೆ!” ಕೆನ್ನೆ ಉಬ್ಬಿಸಿ, ಕತ್ತು ಮೇಲಕ್ಕೆತ್ತಿ, ಗುಳುಗುಳುಗುಳು ಎಂದು ಮುಕ್ಕಳಿಸಿ ತೋರಿಸಿದರು.

ಸಾಹುಕಾರನ ಹೊಟ್ಟೆ ಅಲುಗಿತು. ಮೀಸೆ ಅಲುಗಿತು. ಬಾಯಿ ತೆರೆಯಿತು.

ನಗು ಕೇಳಿಸಿತು. ಅದು ಅವನದ್ದಲ್ಲ.

ಪರದೆಯ ಹಿಂದಿನಿಂದ ಬಂತು. ಕಿಲಕಿಲ. ತಡೆಯಿಲ್ಲದ ನಗು. ಪಕ್ಕದ ಮನೆಗೆ ಅಪ್ಪನ ಹಳೆಯ ದನಿ ಕೇಳಿಸಿತ್ತು. ಬೊಚ್ಚಿ ಅಮ್ಮನ ಕೈ ಬಿಡಿಸಿಕೊಂಡು, ಹಿತ್ತಲ ಬಾಗಿಲಿನಿಂದ ಓಡಿ ಬಂದಿದ್ದಳು. ಕತೆಯನ್ನೆಲ್ಲ ಕೇಳಿದ್ದಳು.

ಡಾಕ್ಟರ ಕೈ ಲೋಟದ ಮೇಲಿತ್ತು. ತುಟಿಗೆ ತಾಗಿಸಿದರು. ಸಿಹಿ. ತಣ್ಣಗೆ, ಸಿಹಿ! ಒಂದೇ ಉಸಿರಿಗೆ ಕುಡಿದರು. ಕೊಡಕ್ಕೆ ಬಾಯಿ ಹಚ್ಚಿದರು. ಕುಡಿದರು. ಇನ್ನೂ ಕುಡಿದರು. ಏನು ನಡೆದಿದೆ ಎಂದು ತಿಳಿದಿದ್ದರೂ ಕುಡಿದರು. ಸಾಹುಕಾರ ಯಾವಾಗ ಹೊರಟುಹೋದನೋ ಅವರಿಗೆ ತಿಳಿಯಲಿಲ್ಲ.

ಓಡಿ ಬಂದಿದ್ದ ಬೊಚ್ಚಿಗೂ ಬಾಯಾರಿತ್ತು. ಲೋಟ ಮೊಗೆದು ಬಾಯಿಗಿಟ್ಟುಕೊಂಡಳು. ಮುಖ ಕಿವುಚಿದಳು.

“ಅಪ್ಪಾ, ನೀರು ಉಪ್ಪು.”

ಡಾಕ್ಟರು ಅವಳ ಮುಂದೆ ಕುಸಿದು ಕೂತರು. ಎರಡೂ ತೋಳು ಹಿಡಿದರು. “ಕತೆ ಹೇಳು ಬೊಚ್ಚಿ. ಈಗ ಕೇಳಿದೆಯಲ್ಲ, ಅದೇ ಕತೆ. ನನಗೆ ಹೇಳು. ನಾನು ನಗ್ತೀನಿ.”

ಅವಳು ಹೇಳಿದಳು. ಮುದುಕನ ಹಾಗೆ ಬೆನ್ನು ಬಗ್ಗಿಸಿದಳು. ಕಣ್ಣು ತಿರುಗಿಸಿದಳು. ಬೊಚ್ಚು ಬಾಯಿ ಉಬ್ಬಿಸಿ ಗುಳುಗುಳುಗುಳು ಎಂದಳು. ಬಾಗಿಲಲ್ಲಿ ನಿಂತ ಅಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಡಾಕ್ಟರು ಬಾಯಿ ತೆರೆದರು. ಹಲ್ಲುಗಳೆಲ್ಲ ಕಂಡವು. ಹ ಎಂದರು. ಹಹ ಎಂದರು. ನಗು ಬರಲಿಲ್ಲ. ಹುಟ್ಟಿದಾಗಿನಿಂದ ಜೊತೆಗಿದ್ದದ್ದು ಈಗ ಕರೆದರೂ ಬರಲಿಲ್ಲ.

“ಕುಡಿದು ನೋಡು.”

ಅವಳು ಕುಡಿದಳು, ಉಗುಳಿದಳು. ಕಣ್ಣುಗಳು ತುಂಬಿಕೊಂಡವು.

“ಇನ್ನೊಂದ್ಸಲ ಹೇಳು ಮಗಳೇ. ಈ ಸಲ ಖಂಡಿತ ನಗ್ತೀನಿ.”

“ನೀನು ಅಳ್ತಿದ್ದೀಯಲ್ಲಪ್ಪಾ.”

ಹೌದು, ಅಳುತ್ತಿದ್ದರು. ಈಗ ಅಳಲು ಅವರ ಕಣ್ಣಲ್ಲಿ ಬೇಕಾದಷ್ಟು ನೀರಿತ್ತು. ಮಗಳು ಒಣಗುತ್ತಿದ್ದ ತುಟಿಯನ್ನು ನಾಲಿಗೆಯಿಂದ ಸವರಿಕೊಂಡು, ಮತ್ತೆ ಮೊದಲಿನಿಂದ ಕತೆ ಶುರು ಮಾಡಿದಳು.